ಬಿಟ್ಟ ದೇಶದ ದಂಡೆ

ಇಳಕಲ್ಲಿನ ಸೀರೆ ವ್ಯಾಪಾರಿ ವಿಜಯಮಹಾಂತೇಶ ಒಂದು ದೇಶವನ್ನೇ ಬಿಟ್ಟಿದ್ದ. ಕಾಶಿಗೆ ಹೋದವರು ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರುತ್ತಾರಲ್ಲ, ಹಾಗೆ. ಅವನ ತಾಯಿ ಗುರುಲಿಂಗವ್ವ ಕಾಶಿಯಲ್ಲಿ ಹಾಗಲಕಾಯಿ ಬಿಟ್ಟವಳು. ಅದಕ್ಕೂ ಮೊದಲು ಆಕೆ ಹಾಗಲಕಾಯಿ ತಿಂದದ್ದನ್ನು ಕಂಡವರು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಬಿಟ್ಟ ಮೇಲೆ ಹೆಸರನ್ನೂ ಎತ್ತಬಾರದೆಂಬುದು ಆ ಮನೆಯ ನೇಮ. ಸಂತೆಯಲ್ಲಿ ಎದುರಾದರೆ ಗುರುಲಿಂಗವ್ವ ‘ಆ ಕಹೀದು’ ಎಂದು ಮುಖ ತಿರುಗಿಸುತ್ತಿದ್ದಳು. ಮಗ ಬಿಟ್ಟದ್ದು ಸಮುದ್ರದ ನಡುವಿನ ಒಂದು ಪುಟ್ಟ ನಡುಗಡ್ಡೆ ದೇಶ. ಅದಕ್ಕೂ ಅದೇ ಮರ್ಯಾದೆ ಸಂದಿತು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಅದಕ್ಕೆ ‘ಅದು’ ಎಂದಷ್ಟೇ ಹೆಸರು. ನಾವೂ ಹಾಗೇ ಕರೆದರೆ ಯಾರ ಮನಸ್ಸೂ ನೋಯುವುದಿಲ್ಲ.

ಎರಡು ವರ್ಷದ ಹಿಂದೆ ಆ ದೇಶಕ್ಕೂ ನಮಗೂ ಮನಸ್ತಾಪ ಬಂದಿತ್ತು. ಅಲ್ಲಿಯವರು ಯಾರೋ ನಮ್ಮ ಬಗ್ಗೆ ಏನೋ ಅಂದರು. ಇಲ್ಲಿಯವರು ಅದಕ್ಕೆ ಇನ್ನೇನೋ ಅಂದರು. ನೋಡನೋಡುತ್ತ ಇಳಕಲ್ಲಿನ ಫೋನುಗಳೆಲ್ಲ ಬಿಸಿಯಾದವು. ವ್ಯಾಪಾರಿಗಳ ಪ್ರವಾಸ ಮಂಡಳಿ ಆ ಸಂಕ್ರಾಂತಿಗೆ ಕೂಡಲಸಂಗಮದ ಹೊಳೆಸ್ನಾನಕ್ಕೆ ಹೋದಾಗ, ಮೈಗೆ ಎಳ್ಳು ಹಚ್ಚಿಕೊಂಡು ಮೊಳಕಾಲುದ್ದ ನೀರಿನಲ್ಲಿ ನಿಂತ ವಿಜಯಮಹಾಂತೇಶನಿಗೆ ಒಮ್ಮೆಲೇ ಆವೇಶ ಬಂತು. “ಇವತ್ತಿಂದ ನಾವು ಆ ದೇಶ ಬಿಟ್ವಿ,” ಎಂದು ಬೊಗಸೆಯ ನೀರನ್ನು ಹೊಳೆಗೆ ಬಿಟ್ಟ. ಪಕ್ಕದಲ್ಲಿ ಮುಳುಗು ಹಾಕಿ ಎದ್ದ ಗೊಬ್ಬರದಂಗಡಿಯ ಅಮಾತೆಪ್ಪ, ಏನೆಂದು ಪೂರಾ ಕೇಳಿಸಿಕೊಳ್ಳದೆ, “ನಾವೂ ಬಿಟ್ವಿ,” ಎಂದ. ಆಮೇಲೆ ಮಂಡಳಿಗೆ ಮಂಡಳಿಯೇ ಬಿಟ್ಟಿತು. ಅವರಲ್ಲಿ ಒಬ್ಬರಾದರೂ ಅಲ್ಲಿಗೆ ಹೋಗುವ ವಿಚಾರ ಮಾಡಿದವರಲ್ಲ.

ಗಂಡ ಏನಾದರೂ ಬಿಡುವಾಗ ಹೆಂಡತಿಯ ಕೈ ಅವನ ಬೊಗಸೆಯ ಕೆಳಗಿರಬೇಕು. ಮಹೇಶ್ವರಿಯ ಕೈಯೂ ಇತ್ತು. ‘ಬಸವಣ್ಣನವರ ನೆಲದಾಗ ನಿಂತು ಯಾರನರ ಬಿಡೂದು ಚಂದನ್ರಿ?’ ಎಂದು ಕೇಳಬೇಕೆಂದುಕೊಂಡಳು. ಮಾತನ್ನು ಬಾಯಲ್ಲಿಟ್ಟು ತೂಗಿ ನೋಡುವಷ್ಟರಲ್ಲಿ ನೀರು ಹೊಳೆ ಸೇರಿತ್ತು. ಮಹೇಶ್ವರಿಯ ಎಷ್ಟೋ ಮಾತುಗಳ ಗತಿ ಹೀಗೇ. ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು, ತಪ್ಪು ಮಾತಾಡಿದವಳಲ್ಲ. ಆದರೆ ಸರಿಯಾದ ಮಾತು ಸಿದ್ಧವಾಗುವ ಹೊತ್ತಿಗೆ ಎದುರಿನವರು ಎದ್ದು ಹೋಗಿರುತ್ತಿದ್ದರು. ಕೀಲಿ ಹಾಕಿದ ಬಾಗಿಲನ್ನು ಜಗ್ಗಿ ನೋಡುವುದು, ಓಣಿಯ ತುದಿಯಿಂದ ಮರಳಿ ಬಂದು ಮತ್ತೊಮ್ಮೆ ಜಗ್ಗುವುದು ಅವಳ ಸ್ವಭಾವ.

ಅವಳು ಆ ದಿನ ಸುಮ್ಮನಿದ್ದುಬಿಡಬಹುದಿತ್ತು. ತೊಡಕೆಂದರೆ, ಅವಳ ತಂಗಿ ಶೀಲಾ ಅದೇ ದೇಶದ ಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ.

ವಿಜಯಮಹಾಂತೇಶ ಒದ್ದೆ ಪಂಚೆಯಲ್ಲೇ ದಂಡೆಗೆ ಬಂದು, ಮಂಡಳಿಯೆಲ್ಲ ಕೇಳಲೆಂದು ಸ್ಪೀಕರ್ ಹಚ್ಚಿ, ನಾದಿನಿಗೆ ಫೋನು ಮಾಡಿದ. “ಶೀಲಾ, ನಾಳೀಗೆ ಗಂಟು ಕಟ್ಟು. ನಾವು ಆ ದೇಶ ಬಿಟ್ಟೀವಿ.”

“ಹೌದನ್ರಿ ಮಾಮಾ? ಹಿಡದಿದ್ದು ಯಾವಾಗ್ರಿ?” ಎಂದಳು ಶೀಲಾ.

ಮಂಡಳಿ ನಕ್ಕಿತು. ಅಮಾತೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಒಂದು ದೇಶವನ್ನು ಬಿಟ್ಟು ಇನ್ನೂ ಮೈ ಆರಿರಲಿಲ್ಲ, ಅಷ್ಟರಲ್ಲಿ ನಾದಿನಿ ನಾಲ್ಕು ಮಂದಿಯೆದುರು ನಗೆಗೀಡು ಮಾಡಿದರೆ ಯಾರು ತಾಳುತ್ತಾರೆ? “ಹಂಗಾದ್ರ ಅಲ್ಲೇ ಇರು. ನಮ್ಮ ಮನಿ ಕಡಿ ಬರಬ್ಯಾಡ,” ಎಂದ ವಿಜಯಮಹಾಂತೇಶ.

“ಆತ್ರಿ. ನೀವಾಗಿ ಕರಿಯೂತನಕ ಬರಂಗಿಲ್ಲ,” ಎಂದು ಆಕೆ ಫೋನು ಇಟ್ಟಳು.

ಬರಲಿಲ್ಲ ಕೂಡ. ಶಾಲೆಯ ಎರಡು ಸೂಟಿ ಹೋದವು. ತಂದೆತಾಯಿ ತೀರಿದ ಮೇಲೆ ಬಾದಾಮಿಯ ತವರುಮನೆ ಬಾಡಿಗೆಗೆ ಹೋಗಿತ್ತು. ಶೀಲಾಳಿಗೆ ಬರುವ ಮನೆ ಎಂದರೆ ಅಕ್ಕನದೊಂದೇ. ಅಕ್ಕತಂಗಿಯರು ಮುಂಜಾನೆ ಹೂವಿನ ಚಿತ್ರ ಕಳಿಸಿಕೊಳ್ಳುತ್ತಿದ್ದರು, ಅಷ್ಟೇ. ಈ ಚಳಿಗಾಲದಲ್ಲಿ ಮಾತ್ರ ಹೂವಿನ ಕೆಳಗೆ ಬರಹ ಬಂತು: ‘ಸಾಲಿಯವರು ಇನ್ನೂ ಐದು ವರ್ಷ ಇರ್ತಿ ಏನು ಅಂತ ಕೇಳ್ಯಾರ ಅಕ್ಕ. ಹ್ಞೂಂ ಅನ್ನೋಣ ಅಂತೇನಿ. ಬಿಟ್ಟು ಬರಾಕ ಊರರ ಎಲ್ಲೈತಿ?’

ಮಹೇಶ್ವರಿ ಅದನ್ನು ಓದಿ ಫೋನನ್ನು ಮಗುಚಿಟ್ಟಳು. ತೆಗೆದು ಮತ್ತೆ ಓದಿದಳು. ಗಂಡನ ಬಾಯಿಂದ ‘ಬಾ’ ಎಂಬ ಒಂದು ಮಾತು ಹೊರಡಬೇಕು, ಅದೂ ಬೇಗ. ಎರಡು ವರ್ಷದಿಂದ ಹೊರಡದ್ದು. ಅವನು ಕೆಟ್ಟವನಲ್ಲ. ಗಿರಾಕಿ ಸೀರೆ ವಾಪಸು ತಂದರೆ ಮರುಮಾತಿಲ್ಲದೆ ಇಸಿದುಕೊಳ್ಳುವವನು. ಆದರೆ ತನ್ನ ಮಾತನ್ನು ವಾಪಸು ಇಸಿದುಕೊಳ್ಳುವ ರೂಢಿ ಅವನ ಅಂಗಡಿಯಲ್ಲಿರಲಿಲ್ಲ.

ಇಷ್ಟರಲ್ಲಿ, ಯಾರನ್ನೂ ಕೇಳದೆ, ಆ ಎರಡು ದೇಶಗಳು ರಾಜಿಯಾದವು. ಟೀವಿಯಲ್ಲಿ ದೊಡ್ಡವರು ಕೈ ಕುಲುಕಿದರು, ಬ್ಯಾಂಡು ಬಾರಿಸಿತು. ವಿಜಯಮಹಾಂತೇಶ ರಿಮೋಟು ಒತ್ತಿ, ಎಂದೂ ನೋಡದ ಧಾರಾವಾಹಿಯೊಂದನ್ನು ಕಣ್ಣು ಮಿಟುಕಿಸದೆ ನೋಡಿದ.

“ಮತ್ತ ಕೂಡಿ ಬಾಳೇವು ಮಾಡಾಕತ್ತ್ಯಾರಂತಲ್ಲೋ?” ಎಂದಳು ಗುರುಲಿಂಗವ್ವ.

“ಯಾರು?”

“ನೀ ಬಿಟ್ಟಾಕಿ ಮತ್ತ ನಮ್ಮವರು.”

ಅವನು ಧ್ವನಿ ಹೆಚ್ಚು ಮಾಡಿದ.

ಆ ವಾರವೇ ಬಾಗಲಕೋಟೆಯ ನವನಗರದಿಂದ ಚೇತನಕುಮಾರ ಬಂದ. ಮಂಡಳಿಯನ್ನು ವರ್ಷವರ್ಷ ಪ್ರವಾಸಕ್ಕೆ ಕರೆದೊಯ್ಯುವವನು ಇವನೇ. ಹೊಸ ಪ್ರವಾಸವಿದ್ದಾಗಲೆಲ್ಲ ಅಮೀನಗಡದಲ್ಲಿ ಇಳಿದು ಕರದಂಟು ತರುತ್ತಿದ್ದ. ಪೊಟ್ಟಣ ದೊಡ್ಡದಿದ್ದಷ್ಟೂ ಪ್ರವಾಸ ದೂರದ್ದು. ಈ ಸಲ ಎರಡೂ ಕೈಯಲ್ಲಿ ಪೊಟ್ಟಣಗಳಿದ್ದವು. ಸೀರೆ ಅಂಗಡಿಯ ಗಾದಿಯ ಮೇಲೆ ಮಂಡಳಿ ಕೂತಿತು. ಒಳಬಾಗಿಲಲ್ಲಿ ಮಹೇಶ್ವರಿ ಚಹದ ತಟ್ಟೆ ಹಿಡಿದು ನಿಂತಳು.

“ಹಡಗರಿ,” ಎಂದ ಚೇತನಕುಮಾರ. “ಏಳಂತಸ್ತಿಂದು. ಕೊಚ್ಚಿಯಿಂದ ಹೊಂಡತೈತಿ. ಊಟ, ವಸ್ತಿ, ಗಾಳಿ, ಎಲ್ಲಾ ಹಡಗಿನ್ಯಾಗ. ನಡುವ ಒಂದಿನ ಒಂದ ಕಡಿ ನಿಂದರತೈತಿ.”

“ಎಲ್ಲಿ ನಿಂದರತೈತಿ?” ಎಂದ ವಿಜಯಮಹಾಂತೇಶ.

ಚೇತನಕುಮಾರ ಕರದಂಟನ್ನು ಮುಂದೆ ಸರಿಸಿದ. “ಅದರಾಗ,” ಎಂದ.

ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟು ಕರದಂಟಿನ ಅಂಟು ಕಡಿಯತೊಡಗಿದರು.

“ಮೊದಲ ಸಿಟ್ಟಿತ್ತಲ್ರಿ, ಆವಾಗ ನಮ್ಮ ಮಂದಿ ತುಂಬಿದ ಹಡಗು ಆ ಕಡಿ ಹಾಯ್ತಿದ್ದಿಲ್ಲ,” ಎಂದು ಅವನು ಬಿಡಿಸಿ ಹೇಳತೊಡಗಿದ. “ಈಗ ಮಾತಾಡಿಕೊಂಡ್ರು. ಮೊದಲ ದೊಡ್ಡವರು ಚಾ ಕುಡೀತಾರ. ಆಮ್ಯಾಲೆ ಕಾಗದಪತ್ರ ಸಡ್ಲ ಆಗ್ತಾವ. ಆಮ್ಯಾಲೆ ಹಡಗಿನ ಕಂಪನಿಯವರು ಬಂದು ನೀರಿನ ಆಳ ನೋಡ್ತಾರ. ಕಡೀಕ ದಂಡಿ ಮ್ಯಾಲೆ ಪಾಯಖಾನಿ ಕಟ್ಟತಾರ. ಪಾಯಖಾನಿ ಕಟ್ಟಿದ್ರಂದ್ರ ರಾಜಿ ಖರೇ ಆಗೇತಿ ಅಂತ ತಿಳೀರಿ. ಮೊದಲನೇ ಹಡಗರಿ ಇದು. ಅದಕ್ಕ ಅಗ್ಗ.”

ಹೋಗುವ ಆಸೆ ಎಲ್ಲರ ಮುಖದಲ್ಲೂ ಎಣ್ಣೆಯಂತೆ ಹೊಳೆಯುತ್ತಿತ್ತು. ಆದರೆ ಮೊದಲು ಬಾಯಿಬಿಡುವವನಾರು? ಹೊಳೆಯಲ್ಲಿ ನಿಂತು ಬಿಟ್ಟದ್ದನ್ನು ಕರದಂಟು ಕೈಯಲ್ಲಿ ಹಿಡಿದು ವಾಪಸು ತೆಗೆದುಕೊಳ್ಳಲಾದೀತೇ?

ಅಮಾತೆಪ್ಪ ಗಂಟಲು ಸರಿಮಾಡಿಕೊಂಡ. “ಮಾಂತಣ್ಣ, ಒಂದು ಕೇಳ್ತೇನಿ. ನಾವು ಬಿಟ್ಟದ್ದು ನೆಲ. ಸಮುದ್ರ ಎಲ್ಲಿ ಬಿಟ್ಟೀವಿ? ಹಡಗಿನ್ಯಾಗ ಹೋಗೂಣು, ಹಡಗಿನ್ಯಾಗ ಬರೂಣು. ಅಲ್ಲಿ ಇಳಿದರ ಕೇಳು.”

ವಿಜಯಮಹಾಂತೇಶ ಬಹಳ ವಿಚಾರ ಮಾಡುವವನಂತೆ ಮೀಸೆ ಸವರಿಕೊಂಡ. ಆ ವಿಚಾರ ಆಗಲೇ ಮುಗಿದಿದೆಯೆಂದು ಮಹೇಶ್ವರಿಗೆ ಒಳಬಾಗಿಲಿಂದಲೇ ಗೊತ್ತಾಯಿತು. ಅವನ ಕಾಲ್ಬೆರಳು ಕುಣಿಯುತ್ತಿತ್ತು. “ಹಂಗಾದ್ರ ಆತು,” ಎಂದ. “ಆದ್ರ ಕಾಲು ಊರೂದಿಲ್ಲ. ದೂರಿಂದ ಅದು ಕಂಡರ ನೋಡೂದು, ಕಾಣದಿದ್ರ ಬಿಡೂದು.”

ಚಹದ ತಟ್ಟೆ ಇಟ್ಟು ಮಹೇಶ್ವರಿ ಚೇತನಕುಮಾರನನ್ನು ಮೆಲ್ಲಗೆ ಕೇಳಿದಳು: “ಹಡಗು ಮುಳುಗಿದ್ರ ಹತ್ತಾಕ ಸಣ್ಣ ದೋಣಿ ಎಲ್ಲಾರಿಗೂ ಸಾಲ್ತಾವ್ರಿ?”

“ಸಾಲ್ತಾವ್ರಿ ವೈನಿ.”

“ಲಗೇಜಿನ ಜೊತಿಗೇನ್ರಿ, ಬಿಟ್ಟು?”

ಹುಡುಗಿಯಾಗಿದ್ದಾಗ ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಕಾಯುತ್ತ ಕೂಡುತ್ತಿದ್ದವಳು ಇವಳು. ನೀರಿಗೆ ಹಾರಿ ಆಚೆ ತೇಲುತ್ತಿದ್ದವಳು ಶೀಲಾ. ಆದರೂ ತಂಗಿಗೆ ತಾರೀಖು ಬರೆದು ಕಳಿಸಿದಳು. ‘ದಂಡಿಗೆ ಬಂದು ನಿಂದರ್ತೇನಿ. ಮಾಮಾಗ ಹೇಳಬ್ಯಾಡ,’ ಎಂದು ಮರುಬರಹ ಬಂತು.

ಹೊರಡುವ ಮುಂಚಿನ ವಾರವೆಲ್ಲ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಏಳಂತಸ್ತಿನ ಹಡಗಿನಲ್ಲಿ ಊಟ ಕೊಡುತ್ತಾರೆಂದು ಚೇತನಕುಮಾರ ಎಷ್ಟು ಹೇಳಿದರೂ ಮಂಡಳಿಯ ಹೆಂಗಸರು ನಂಬಲಿಲ್ಲ. ಕಟಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಣ್ಣು ಮೆಣಸಿನಕಾಯಿಯ ಕೆಂಪಿಂಡಿ, ಇವೆಲ್ಲ ಗಂಟಾದವು. ಮಹೇಶ್ವರಿ ತನ್ನ ಚೀಲದ ತಳದಲ್ಲಿ ಒಂದು ಇಳಕಲ್ಲ ಸೀರೆಯನ್ನೂ ಅದಕ್ಕೊಪ್ಪುವ ಗುಳೇದಗುಡ್ಡದ ಕುಪ್ಪಸದ ಖಣವನ್ನೂ ಇಟ್ಟು, ಮೇಲೆ ರೊಟ್ಟಿ ಹರವಿದಳು. ಗಂಡ ಯಾವ ಚೀಲ ಬಿಚ್ಚಿದರೂ ರೊಟ್ಟಿಯ ಕೆಳಗೆ ಕೈ ಹಾಕುವವನಲ್ಲ.

ಹಡಗಿನ ಮೊದಲ ದಿನದ ವಿಷಯ ಹೇಳುವಂಥದ್ದೇನಿಲ್ಲ. ಕೆಲವರು ವಾಂತಿ ಮಾಡಿಕೊಂಡರು, ಉಳಿದವರು ಅವರನ್ನು ನೋಡಿ ಮಾಡಿಕೊಂಡರು. ಮಹೇಶ್ವರಿ ಜೀವರಕ್ಷಕ ಜಾಕೀಟು ಎಲ್ಲಿದೆಯೆಂದು ನೋಡಿಟ್ಟುಕೊಂಡಳು, ಮಗ್ಗುಲ ಕೋಣೆಯವರದು ಎಲ್ಲಿದೆಯೆಂದೂ ನೋಡಿಟ್ಟುಕೊಂಡಳು. ಗುರುಲಿಂಗವ್ವ ಮಾತ್ರ ಲಿಫ್ಟಿನಲ್ಲಿ ಏಳೂ ಅಂತಸ್ತು ಸುತ್ತಿ, “ಗೋಡಿಗೆ ಒರಗಿ ಕುಂತರ ನಮ್ಮ ಮನೀನ,” ಎಂದು ತೀರ್ಪು ಕೊಟ್ಟಳು.

ಮರುದಿನ ಹೊತ್ತೇರುವ ಹೊತ್ತಿಗೆ ಹಡಗು ನಿಂತಿತು. ಅದು ಕಂಡಿತು. ನೀಲಿ ನೀರಿನ ಮೇಲೆ ಒಂದು ಗೆರೆ ಬಿಳಿ ಮರಳು, ಅದರ ಮೇಲೆ ತೆಂಗು, ಮುಂದಕ್ಕೆ ಚಾಚಿದ ಮರದ ಕಟ್ಟೆ, ಬಣ್ಣ ಇನ್ನೂ ಒಣಗದ ಪಾಯಖಾನೆ. ದೊಡ್ಡ ಹಡಗು ದಂಡೆಯ ತನಕ ಹೋಗುವಂತಿರಲಿಲ್ಲ. ಸಣ್ಣ ದೋಣಿಗಳು ಬಂದು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಮಂಡಳಿಯ ಗಂಡಸರು ಮೇಲಂತಸ್ತಿನ ಕಟಕಟೆ ಹಿಡಿದು, ತಮಗೆ ಸಂಬಂಧವಿಲ್ಲದ ಕಡೆ ನೋಡುವವರಂತೆ ನಿಂತರು. ಅಮಾತೆಪ್ಪ ಮಾತ್ರ ಕಾಣಲಿಲ್ಲ. ಹೊಟ್ಟೆ ಕೆಟ್ಟಿದೆಯೆಂದು ಮಲಗಿದ್ದಾನೆಂದರು.

ಮಹೇಶ್ವರಿ ಕಟ್ಟೆಯ ಮೇಲೆ ಕಣ್ಣು ನೆಟ್ಟಳು. ಬಿಳಿ ಕೊಡೆ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ನಿಲ್ಲುವ ರೀತಿಯಿಂದಲೇ ತಿಳಿಯಿತು; ಶೀಲಾ ಯಾವಾಗಲೂ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವವಳು. ನಡುವಿನ ನೀರು ಇಳಕಲ್ಲ ಬಸ್ ಸ್ಟ್ಯಾಂಡಿನಿಂದ ಅವರ ಮನೆಯಷ್ಟು ದೂರ. ‘ಹೋಗಿ ಬರ್ಲೇನ್ರಿ?’ ಎನ್ನಬೇಕು. ಅವಳು ಮಾತನ್ನು ತೂಗತೊಡಗಿದಳು.

ತೂಗಿ ಮುಗಿಯುವ ಮೊದಲೇ ಗುರುಲಿಂಗವ್ವ ಸೆರಗು ಬಿಗಿದು ಲಿಫ್ಟಿನ ಕಡೆ ನಡೆದಳು. “ನಾ ಇಳೀತೇನಿ.”

“ಅವ್ವಾ,” ಎಂದ ವಿಜಯಮಹಾಂತೇಶ, “ಬಿಟ್ಟೀವಿ ಅದನ್ನ.”

“ನೀ ಬಿಟ್ಟಿ. ನಾ ಆವತ್ತು ಹೊಳಿಗೆ ಎಲ್ಲಿ ಇಳದಿದ್ದೆ? ಮಂಗ್ಯಾ ಬಂದಾವಂತ ದಂಡಿ ಮ್ಯಾಲೆ ಬುತ್ತಿ ಕಾಯಕೊಂತ ಕುಂತಿದ್ದೆ.”

“ಒಬ್ಬಾಕಿನ ಹೆಂಗ ಹೋಗ್ತಿ? ದೋಣಿ ಅಲಗ್ಯಾಡತೈತಿ.”

“ಮಹೇಶ್ವರೀನ ಹಿಡಕೊಂಡು.”

“ಅಕಿ ಕೈ ನನ್ನ ಬೊಗಸಿ ಕೆಳಗಿತ್ತು. ಅಕಿನೂ ಬಿಟ್ಟಾಳ.”

ಗುರುಲಿಂಗವ್ವ ನಿಂತು, ಮಗನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಅಕಿ ಈಗ ನಿನ್ನ ಹೇಣತಿ ಅಲ್ಲ, ನನ್ನ ಕೋಲು. ಕೋಲು ಎಲ್ಲರ ಆಣಿ ಮಾಡತೈತೇನು?”

ಮಂಡಳಿಯ ಗಂಡಸರು ಸಮುದ್ರದ ಕಡೆ ತಿರುಗಿದರು. ಅವರ ಭುಜಗಳು ಅಲುಗಾಡುತ್ತಿದ್ದವು. ಕೋಲಾಗಿ ಹೋಗಲು ಮಹೇಶ್ವರಿಯ ಅಭ್ಯಂತರವೇನೂ ಇರಲಿಲ್ಲ.

ಚೀಲ ತರಲೆಂದು ಕೋಣೆಗೆ ಹೋದಳು. ಅತ್ತೆಯ ರಕ್ತದೊತ್ತಡದ ಗುಳಿಗೆಯ ಪಟ್ಟಿ ಮೇಜಿನ ಮೇಲಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಮನೆಯವರ ಒಂದು ಗುಳಿಗೆಯನ್ನೂ ಮರೆತವಳಲ್ಲ. ಪಟ್ಟಿಯನ್ನು ಎತ್ತಿಕೊಂಡಳು. ನಿಂತಳು. ಪಟ್ಟಿಯನ್ನು ಗಂಡನ ದಿಂಬಿನ ನಡುವೆ, ಅವನು ಕನ್ನಡಕ ಇಡುವ ಜಾಗದಲ್ಲಿ, ಅಂದವಾಗಿ ಇಟ್ಟು ಬಾಗಿಲಿಗೆ ಬಂದಳು. ಆಮೇಲೆ ಮನಸ್ಸು ತಡೆಯದೆ ಮರಳಿ ಹೋಗಿ, ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಷ್ಟೆಂದರೂ ವಯಸ್ಸಾದ ಜೀವ.

ದೋಣಿಯಲ್ಲಿ ಅವಳು ಕಣ್ಣು ಮುಚ್ಚಿಯೇ ಇದ್ದಳು. ತೆರೆದಾಗ ಕಟ್ಟೆಯ ಮೇಲಿಂದ ಒಂದು ಕೈ ಚಾಚಿತ್ತು. ಹಿಡಿದು ಹತ್ತಿದಳು. ಅಕ್ಕತಂಗಿ ಒಬ್ಬರನ್ನೊಬ್ಬರು ನೋಡಿದರು.

“ದಪ್ಪಗಾಗೀದಿ,” ಎಂದಳು ಶೀಲಾ.

“ನೀ ಕರ್ರಗಾಗೀದಿ.”

“ಇಬ್ರೂ ಆಮ್ಯಾಲೆ ಅಳ್ರಿ,” ಎಂದಳು ಕೆಳಗಿಂದ ಗುರುಲಿಂಗವ್ವ. “ಮೊದಲ ನನ್ನ ಎಳಕೋರಿ.”

ಕಟ್ಟೆಯ ಮಗ್ಗುಲಿಗೆ ತಗಡಿನ ನೆರಳು, ಅದರಡಿ ಬೆಂಚು. ರೊಟ್ಟಿ ಗಂಟು ಬಿಚ್ಚಿಕೊಂಡಿತು. ಶೀಲಾ ಕೆಂಪಿಂಡಿಯನ್ನು ಬೆರಳಿಗೆ ಹಚ್ಚಿ ನೆಕ್ಕಿ, ಕಣ್ಣು ಮುಚ್ಚಿಕೊಂಡು ಕೂತಳು. ಖಾರ ನೆತ್ತಿಗೇರಿದ್ದೋ ಇನ್ನೇನೋ, ರೆಪ್ಪೆ ಒದ್ದೆಯಾದವು. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಬಿಚ್ಚಲಿಲ್ಲ.

“ಸಾಲಿಯವರಿಗೆ ಹ್ಞೂಂ ಅಂದ್ಯೇನು?” ಎಂದಳು ಮಹೇಶ್ವರಿ.

“ಸೋಮವಾರ ಹೇಳಬೇಕು.”

“ಬ್ಯಾಡ ಅನ್ನು.”

“ಅಂದು ಎಲ್ಲಿಗೆ ಬರ್ಲಿ ಅಕ್ಕ? ನೀ ಕರದ್ರ ಅದು ನಿನ್ನ ಮನಿ ಅಷ್ಟ. ಮಾಮಾನ ಮನ್ಯಾಗ ಬಂದು ಕಳ್ಳರಂಗ ಉಣ್ಣಾಕ ನನಗ ಆಗೂದಿಲ್ಲ.”

ಮಹೇಶ್ವರಿ ಸೆರಗಿನ ಗಂಟು ಬಿಚ್ಚಿ ಅತ್ತೆಗೆ ಗುಳಿಗೆ ಕೊಟ್ಟಳು. ಗುರುಲಿಂಗವ್ವ ನುಂಗಿ ನೀರು ಕುಡಿಯುವುದಕ್ಕೂ, ಕಟ್ಟೆಗೆ ಬಂದ ದೋಣಿಯಲ್ಲಿ ವಿಜಯಮಹಾಂತೇಶ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು ಬಿಗಿದುಕೊಂಡು, ಕೈಯಲ್ಲಿ ಗುಳಿಗೆಯ ಪಟ್ಟಿಯನ್ನು ಧ್ವಜದಂತೆ ಎತ್ತಿ ಹಿಡಿದಿದ್ದ. ಉಳಿದವರು ಇಳಿದರು. ಅವನು ಇಳಿಯಲಿಲ್ಲ.

“ಶೀಲಾ, ಹೋಗಿ ಇಸಗೊಂಡು ಬಾ,” ಎಂದಳು ಗುರುಲಿಂಗವ್ವ. “ನಿಮ್ಮಕ್ಕ ನನ್ನ ಕೋಲು. ಬಿಟ್ಟರ ಬೀಳ್ತೇನಿ.” ಬೆಂಚಿಗೆ ಅವಳು ಭದ್ರವಾಗಿ ಒರಗಿದ್ದಳು.

ಶೀಲಾ ಕಟ್ಟೆಯ ಅಂಚಿಗೆ ಹೋದಳು.

“ಅವ್ವನ ಗುಳಿಗಿ,” ಎಂದು ವಿಜಯಮಹಾಂತೇಶ ಪಟ್ಟಿಯನ್ನು ಚಾಚಿದ. ಅಷ್ಟು ಹೇಳಿ ಕೂತುಬಿಟ್ಟ. ದೋಣಿಯವನು ಹಿಂದಿಯಲ್ಲಿ ಇಳಿಯಿರಿ ಎಂದ, ಕೈಸನ್ನೆ ಮಾಡಿದ, ಕೊನೆಗೆ ತಲೆ ಚಚ್ಚಿಕೊಂಡು, ಹೋಗುವವರನ್ನು ತುಂಬಿಕೊಂಡು, ಇವನನ್ನೂ ಸೇರಿಸಿ ಮರಳಿ ಒಯ್ದ.

“ಏನಂದ್ರು?” ಎಂದು ಮಹೇಶ್ವರಿ ಕೇಳಿದಳು.

“ಗುಳಿಗಿ ಅಂದ್ರು.”

ಮುಂದಿನ ಸುತ್ತಿಗೆ ಮತ್ತೆ ಬಂದ. ಗುಳಿಗೆಗೆ ನೀರು ಬೇಕಲ್ಲ; ನೀರಿನ ಬಾಟಲಿ ತಂದಿದ್ದ. ಈ ಸಲ ಕೊಡುತ್ತ, ದೋಣಿಯ ತಳ ನೋಡಿಕೊಂಡು, “ಸಾಲಿ ಹೆಂಗೈತಿ?” ಎಂದ. “ಚೊಲೊ ಐತ್ರಿ,” ಎಂದಳು ಶೀಲಾ. ಅಷ್ಟರಲ್ಲಿ ದೋಣಿ ಹೊರಟಿತು.

ಅದರ ಮುಂದಿನ ಸುತ್ತಿಗೆ ತಾಯಿಯ ಶಾಲು ಬಂತು.

“ಮಾಮಾ, ಇಲ್ಲಿ ಬೆವರು ಸುರೀಲಿಕತ್ತೈತ್ರಿ.”

“ಇರಲಿ. ಗಾಳಿ ಹೊತ್ತು.” ಅಷ್ಟರಲ್ಲಿ ಅವನ ಕಣ್ಣು ಕಟ್ಟೆಯ ಆಚೆ ಬದಿಗೆ ಹೋಯಿತು. ಬಿಸಿಲು ಟೊಪ್ಪಿಗೆ, ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ಎಳನೀರಿನ ಹಿಂದೆ ಮುಖ ಮರೆಮಾಡಲು ನೋಡುತ್ತಿದ್ದ. ಎಳನೀರು ಸಣ್ಣದು, ಮುಖ ಅಮಾತೆಪ್ಪನದು.

“ಹೊಟ್ಟಿ ಹೆಂಗೈತಿ ಅಮಾತೆಪ್ಪಾ?” ಎಂದ ವಿಜಯಮಹಾಂತೇಶ.

“ಎಳನೀರು ಕುಡಿ ಅಂದ್ರು ಡಾಕ್ಟರು,” ಎಂದ ಅಮಾತೆಪ್ಪ. ಎಳನೀರನ್ನು ಕೆಳಗಿಳಿಸಿ, “ನೋಡ್ಲೆ ಮಾಂತ್ಯಾ, ನೀ ನನ್ನ ಕಂಡಿಲ್ಲ, ನಾ ನಿನ್ನ ಕಂಡಿಲ್ಲ,” ಎಂದ.

“ನಾ ಕಾಲು ಊರಿಲ್ಲಲೇ.”

“ಅದನ್ನೂ ನಾ ಕಂಡಿಲ್ಲ.”

ಬ್ಯಾಂಡು, ಕೈಕುಲುಕು ಏನೂ ಇಲ್ಲದೆ, ಇಳಕಲ್ಲಿನ ಎರಡು ಪಕ್ಷಗಳ ನಡುವೆ ಹೀಗೆ ಒಪ್ಪಂದವಾಯಿತು.

ಮತ್ತೆ ದೋಣಿ ಬಂದಾಗ ಅವನ ಕೈಯಲ್ಲಿ ಏನೂ ಇರಲಿಲ್ಲ. ತರುವಂಥದ್ದು ಕೋಣೆಯಲ್ಲಿ ಉಳಿದಿರಲಿಲ್ಲವೇನೋ. ಮುಖ ಬಿಸಿಲಿಗೆ ಕೆಂಪಾಗಿತ್ತು, ಬಾಯಿ ಒಣಗಿತ್ತು. ಶೀಲಾ ಕಟ್ಟೆಯ ಚಹದಂಗಡಿಯಿಂದ ಗ್ಲಾಸು ತಂದು ಬಗ್ಗಿ ಹಿಡಿದಳು. ಅವನು ಗ್ಲಾಸನ್ನು ನೋಡಿದ, ಮುಟ್ಟಲಿಲ್ಲ.

“ಚಾಪುಡಿ ನಮ್ಮದ ರಿ. ಆಸಾಮದ್ದು,” ಎಂದಳು ಶೀಲಾ. “ಹಾಲಿನ ಪುಡಿ ಮತ್ತೊಂದು ದೇಶದ್ದು.”

“ನೀರು?”

“ಮಳಿ ನೀರ್ರಿ. ಹಿಡಿದಿಟ್ಟಿರ್ತಾರ.”

ವಿಜಯಮಹಾಂತೇಶ ಲೆಕ್ಕ ಹಾಕಿದ. ಮಳೆಯನ್ನು ಯಾರೂ ಬಿಟ್ಟಿರಲಿಲ್ಲ. ಗ್ಲಾಸು ಇಸಿದುಕೊಂಡು ಒಂದೇ ಉಸಿರಿಗೆ ಅರ್ಧ ಕುಡಿದ. “ಹಂಗಾದ್ರ ಇದರಾಗ ಇಲ್ಲಿದು ಏನೈತಿ?”

“ಗ್ಲಾಸಷ್ಟ ರಿ.”

ಅವನು ಉಳಿದರ್ಧವನ್ನು ಅವಸರದಿಂದ ಕುಡಿದು ಗ್ಲಾಸನ್ನು ಕೈಗೆ ಕೊಟ್ಟ. ಬೆಂಚಿನ ಮೇಲಿಂದ ನೋಡುತ್ತಿದ್ದ ಮಹೇಶ್ವರಿಗೆ ಅವನು ನಕ್ಕಂತೆ ಕಂಡಿತು; ಬಿಸಿಲಿನ ಝಳಕ್ಕೆ ಮುಖ ಕಿವುಚಿದ್ದೂ ಇರಬಹುದು. ಶೀಲಾ ಕೇಳಿಯೇಬಿಟ್ಟಾಳು ಎಂದುಕೊಂಡಳು. ಶೀಲಾ ಕೇಳಲಿಲ್ಲ. ಇವನು ಹೇಳಿಯೇಬಿಟ್ಟಾನು ಎಂದುಕೊಂಡಳು. ಅವನು ಜಾಕೀಟಿನ ಗುಂಡಿ ಸರಿಮಾಡಿಕೊಂಡ. ದೋಣಿ ಹೋಯಿತು.

ಹೊತ್ತು ಇಳಿಯುತ್ತ ಬಂತು. ಹಡಗು ದೊಡ್ಡದಾಗಿ ಕೂಗಿತು. ಕೊನೆಯ ದೋಣಿ ಬಂದಾಗಲೂ ಅವನು ಅದರಲ್ಲಿದ್ದ, ಅದೇ ಹಲಗೆಯ ಮೇಲೆ. ದೋಣಿಯವನು ಈಗ ಅವನನ್ನು ತನ್ನ ಮನುಷ್ಯನೆಂದೇ ಒಪ್ಪಿಕೊಂಡಿದ್ದ. ಹಗ್ಗದ ತುದಿಯನ್ನು ಹಿಡಿಯಲು ಇವನ ಕೈಗೇ ಕೊಟ್ಟ. ಗುರುಲಿಂಗವ್ವನನ್ನು ಇಳಿಸಿದರು. ಮಹೇಶ್ವರಿ ತಂಗಿಯ ಕೈ ಹಿಡಿದುಕೊಂಡೇ ನಿಂತಿದ್ದಳು. ಹಿಂದೆ ನಿಂತವರು ಅವಸರ ಮಾಡಿದರು. ಕೈ ಬಿಟ್ಟು ದೋಣಿಗಿಳಿದು ಗಂಡನ ಪಕ್ಕ ಕೂತಳು.

ಹಗ್ಗ ಬಿಚ್ಚಿತು. ಕಟ್ಟೆಗೂ ದೋಣಿಗೂ ನಡುವೆ ಒಂದು ಗೇಣು ನೀರು, ಆಮೇಲೆ ಒಂದು ಮಾರು. ಮಹೇಶ್ವರಿಗೆ ಈ ಸಲ ಮಾತು ಮೊದಲೇ ಸಿದ್ಧವಿತ್ತು, ನಾಲಿಗೆಯ ತುದಿಯಲ್ಲೇ ಇತ್ತು: ‘ಕರೀರಿ.’ ಆದರೆ ತಾನು ಹೇಳಿ ಅವನು ಕರೆದರೆ ಅದು ತನ್ನ ಕರೆ. ಶೀಲಾಳಿಗೆ ಅದು ಗೊತ್ತಾಗುತ್ತದೆ. ಅವಳು ಹಲ್ಲು ಕಚ್ಚಿ ಹಿಡಿದಳು. ನೀರಿಗೆ ಹೆದರಿ ಕಣ್ಣು ಮುಚ್ಚಿಕೊಳ್ಳುವುದನ್ನೇ ಮರೆತಿದ್ದಳು.

ವಿಜಯಮಹಾಂತೇಶ ಎದ್ದು ನಿಂತ. ದೋಣಿ ವಾಲಿತು, ದೋಣಿಯವನು ತನ್ನ ಭಾಷೆಯಲ್ಲಿ ಬೈದ.

“ಯುಗಾದಿಗೆ ಬಾ,” ಎಂದು ಅವನು ಇಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿದ. ಮಂಡಳಿಯ ಗಂಡಸರು ಹಡಗಿನ ಕಟಕಟೆಯಿಂದ ಬಗ್ಗಿ ನೋಡಿದರು. “ಯುಗಾದಿಗೇ ಬಾ. ಆಮ್ಯಾಲೆ ಲಗ್ನದ ಸೀಜನ್ನು. ಅಂಗಡ್ಯಾಗ ನನಗ ಮಾತಾಡಾಕೂ ಪುರಸೊತ್ತ ಇರೂದಿಲ್ಲ.”

ಕಟ್ಟೆಯ ಮೇಲೆ ಶೀಲಾ ಕೊಡೆ ಮಡಚಿದಳು. ಒಂದೇ ಕಾಲಿನ ಮೇಲೆ ನಿಂತಿದ್ದವಳು ಎರಡೂ ಕಾಲೂರಿ, ಎರಡೂ ಕೈಯನ್ನು ಬಾಯ ಸುತ್ತ ಹಿಡಿದು ಏನೋ ಕೂಗಿದಳು. ಇಂಜಿನ್ನು ಅದನ್ನು ನುಂಗಿತು. ವಿಜಯಮಹಾಂತೇಶ ಕೂತ.

“ಏನಂದಳು?” ಎಂದು ಮಹೇಶ್ವರಿ ಕೇಳಿದಳು. ತನ್ನ ಧ್ವನಿ ತನಗೇ ಕೇಳಿಸಲಿಲ್ಲ.

“ಕೇಳಲಿಲ್ಲ,” ಎಂದ ಅವನು. “ಬರ್ತಾಳ ಬಿಡು.”

ಗುರುಲಿಂಗವ್ವ ಶಾಲನ್ನು ಹೊದ್ದುಕೊಂಡು, ದೂರವಾಗುತ್ತಿದ್ದ ದಂಡೆಯನ್ನೇ ನೋಡುತ್ತಿದ್ದಳು. “ನನಗ ಕೇಳಿಸ್ತು,” ಎಂದಳು. “ಟಿಕೀಟು ಮಾಮಾನ ತಗಸ್ಲಿ ಅಂದಳು.”